ಕರ್ನಾಟಕದ ಕ್ರೀಡಾ ಗ್ರಂಥಗಳು

ಆಟ, ಅಂಗಸಾಧನೆ, ಮಲ್ಲವಿದ್ಯೆಗಳನ್ನು ಕುರಿತು ಕರ್ನಾಟಕದಲ್ಲಿ ಹುಟ್ಟಿದ ಮತ್ತು ಈ ನೆಲದ ಆಟಗಾರರನ್ನು ಕುರಿತು ಬಂದ ಬರಹಗಳ ಪರಂಪರೆ. ಅಮೆರಿಕದಲ್ಲಿ ಬೇಸ್‌ಬಾಲ್ ತನ್ನ ಸುತ್ತ ಒಂದು ಸಾಹಿತ್ಯವನ್ನೇ ಬೆಳೆಸಿಕೊಂಡಿತು. ಬರ್ನಾರ್ಡ್ ಮಲಮಡ್ ಅವರ ಕಾದಂಬರಿ ‘ದಿ ನ್ಯಾಚುರಲ್’ (1952), ರೋಜರ್ ಕಾನ್ ಅವರ ‘ದಿ ಬಾಯ್ಸ್ ಆಫ್ ಸಮರ್’ (1972), ಮೈಕಲ್ ಲೂಯಿಸ್ ಅವರ ‘ಮನಿಬಾಲ್’ (2003) ಇವು ಆಟ ಗೊತ್ತಿಲ್ಲದವರನ್ನೂ ಓದಿಸಿಕೊಂಡು ಹೋಗುವಂಥವು. ಇವನ್ನು ಮೆಚ್ಚಿದ ಕನ್ನಡಿಗ ಮುಂದೆ ಏನು ಓದಬೇಕೆಂದು ಕೇಳಿದರೆ ದೂರ ಹೋಗಬೇಕಾಗಿಲ್ಲ. ಈ ನಾಡಿನ ಕ್ರೀಡಾಬರಹಕ್ಕೆ ಸುಮಾರು ಒಂದು ಸಾವಿರ ವರ್ಷಗಳ ವಯಸ್ಸಿದೆ.

ಇಬ್ಬರ ಸೆಣಸಾಟವನ್ನು ಮಾತಿನಲ್ಲಿ ಕಟ್ಟಿಕೊಡುವ ಕಲೆ ಕನ್ನಡದಲ್ಲಿ ಮೊದಲು ಪಕ್ವವಾದದ್ದು ಕಾವ್ಯದಲ್ಲಿ. ರನ್ನನ ‘ಗದಾಯುದ್ಧ’ವನ್ನು ಕ್ರೀಡಾ ಗ್ರಂಥ ಎನ್ನಲಾಗದು. ಆದರೆ ಭೀಮ–ದುರ್ಯೋಧನರ ಒಂದು ಕಾದಾಟಕ್ಕಾಗಿ ಇಡೀ ಭಾರತವನ್ನು ಹಿನ್ನೋಟದಲ್ಲಿ ತಂದು ನಿಲ್ಲಿಸುವ ಅದರ ಕಟ್ಟೋಣ, ಒಂದೇ ಪಂದ್ಯದೊಳಗೆ ಒಂದು ಕಾಲವನ್ನೆಲ್ಲ ಹೇಳಬಯಸುವ ಯಾವ ಲೇಖಕನೂ ಕಲಿಯಬೇಕಾದದ್ದು. ಕುಮಾರವ್ಯಾಸನ ಸಭಾಪರ್ವದಲ್ಲಿ ಬರುವ ಭೀಮ–ಜರಾಸಂಧರ ಮಲ್ಲಯುದ್ಧವನ್ನು ಕುಸ್ತಿ ಬಲ್ಲವರ ಎದುರು ವಾಚಿಸಿದರೆ ಅದರ ಸೊಗಸು ಇಮ್ಮಡಿಯಾಗುತ್ತದೆ.

ಶಾಸ್ತ್ರದ ದಾರಿಯಲ್ಲಿ ಮೊದಲ ಹೆಸರು ‘ಮಾನಸೋಲ್ಲಾಸ’. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ಸಂಸ್ಕೃತದಲ್ಲಿ ರಚಿಸಿದ ಈ ಗ್ರಂಥಕ್ಕೆ ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಹೆಸರೂ ಇದೆ. ಐದು ವಿಂಶತಿ, ನೂರು ಅಧ್ಯಾಯ. ಅಡುಗೆ, ವೈದ್ಯ, ಚಿತ್ರಕಲೆ, ಸಂಗೀತಗಳ ಜೊತೆಗೆ ರಾಜನ ವಿನೋದಗಳೂ ಇದರಲ್ಲಿ ಸೇರಿವೆ. ಕುದುರೆಯ ಮೇಲೆ ಕುಳಿತು ಕೋಲಿನಿಂದ ಚೆಂಡು ಹೊಡೆಯುವ ಆಟದ ವಿವರ ಇಲ್ಲಿ ಸಿಗುತ್ತದೆ. ಕೋಲು–ಚೆಂಡಿನ ಆಟಗಳನ್ನು ಪ್ರೀತಿಸುವವರು ಹುಡುಕಿ ಓದಬೇಕಾದ ಭಾಗ ಅದು. ಆದರೆ ಗ್ರಂಥದ ನಿಜವಾದ ಸಂಪತ್ತು ಮಲ್ಲವಿನೋದ. ಮಲ್ಲರನ್ನು ಅದು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆಗಳಲ್ಲಿ ವಿಂಗಡಿಸುತ್ತದೆ. ವಯಸ್ಸು, ಮೈಕಟ್ಟು, ತ್ರಾಣಗಳನ್ನು ನೋಡಿ ಆಯುವ ಕ್ರಮ ಹೇಳುತ್ತದೆ. ಉಣ್ಣಬೇಕಾದ ಹಾಲು, ಮೊಸರು, ತುಪ್ಪ, ಮಾಂಸಗಳನ್ನೂ ಬಿಡುವುದಿಲ್ಲ. ಸಾಧನೆಯಲ್ಲಿ ಭಾರಶ್ರಮ ಎಂದರೆ ತೂಕ ಎತ್ತುವುದು, ಭ್ರಮಣಶ್ರಮ ಎಂದರೆ ನಡಿಗೆ, ಸಲಿಲಶ್ರಮ ಎಂದರೆ ಈಜು, ಸ್ತಂಭಶ್ರಮ ಎಂದರೆ ಕಂಬದ ಮೇಲಿನ ಕಸರತ್ತು. ಸಂಗ್ರಾಣಿ ಕಲ್ಲು ಎತ್ತುವ, ಮಲ್ಲಕಂಬ ಏರುವ ಉತ್ತರ ಕರ್ನಾಟಕದ ಹುಡುಗನಿಗೆ ಇದು ಹಳೆಯ ಪುಸ್ತಕವೆನಿಸದು, ಅವನ ಗರಡಿಮನೆಯ ದಿನಚರಿಯೇ ಅಲ್ಲಿದೆ. ಗ್ರಂಥದ ಭಾಗಗಳು ಬರೋಡದ ಗಾಯಕ್ವಾಡ್ ಮಾಲೆಯಲ್ಲಿ 1925ರಿಂದ ಅಚ್ಚಾದವು; ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದನೆಯಲ್ಲಿ 1926ರಲ್ಲಿ ಒಂದು ಭಾಗ ಬಂತು.

ವಿಜಯನಗರದ ಕಾಲಕ್ಕೆ ಹೊರಗಿನವರ ಕಣ್ಣು ನೆರವಾಗುತ್ತದೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಬೆಳಗಿನ ಸಾಧನೆಯನ್ನು ಬರೆದಿಟ್ಟಿದ್ದಾನೆ. ರಾಯ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರ ಎತ್ತಿ, ಕತ್ತಿ ಬೀಸಿ, ಕುಡಿದ ಎಣ್ಣೆ ಬೆವರಾಗಿ ಹೋಗುವ ತನಕ ದಣಿದು, ಬಳಿಕ ಮಲ್ಲನೊಬ್ಬನೊಡನೆ ಸೆಣಸುತ್ತಿದ್ದ. ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ‘ಎ ಫರ್ಗಾಟನ್ ಎಂಪೈರ್’ನಲ್ಲಿ ಈ ಪೂರ್ಣ ವೃತ್ತಾಂತವಿದೆ. ಮುಂದೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಮಣೆಯಾಟಗಳಿಗೆ ಜಾಗ ಕೊಟ್ಟರು.

ಇಪ್ಪತ್ತನೆಯ ಶತಮಾನದಲ್ಲಿ ಅಂಗಸಾಧನೆ ದೇಶಸೇವೆಯ ಭಾಗವಾಯಿತು. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿ ತರುಣರಿಗೆ ಕವಾಯತು ಕಲಿಸಿದರು. ಗೋಕಾಕ ತಾಲೂಕಿನ ಘಟಪ್ರಭಾ ಅವರ ಮುಂದಿನ ಕರ್ಮಭೂಮಿ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ. ವಿ. ಅಯ್ಯರ್ ‘ಮಸಲ್ ಕಲ್ಟ್’ (1930), ‘ಪರ್ಫೆಕ್ಟ್ ಫಿಸೀಕ್’ (1936) ಎಂಬ ಇಂಗ್ಲಿಷ್ ಪುಸ್ತಕಗಳನ್ನು ಬರೆದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳೂ ಅದೇ ಕೈಯಿಂದ ಬಂದವು. ಸಾಮು ಮಾಡಿದ ಕೈ ಕನ್ನಡದ ಒಳ್ಳೆಯ ಗದ್ಯವನ್ನೂ ಬರೆದದ್ದು ನಮ್ಮ ಸಾಹಿತ್ಯ ಚರಿತ್ರೆಯ ಹೆಮ್ಮೆಯ ಸಂಗತಿ. ತಿರುಮಲೈ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ (1934) ಕನ್ನಡದಲ್ಲೇ ಮೊದಲು ಬರೆಯಲ್ಪಟ್ಟು ಆಮೇಲೆ ಜಗತ್ತನ್ನು ಸುತ್ತಿತು.

ಕ್ರಿಕೆಟ್ಟಿನ ದೊಡ್ಡ ಪುಸ್ತಕಗಳು ಇಂಗ್ಲಿಷಿನಲ್ಲಿ ಬಂದವು. ಇವುಗಳಲ್ಲಿ ಒಂದನ್ನೇ ಆಯಬೇಕಾದರೆ ರಾಮಚಂದ್ರ ಗುಹಾ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ (2002) ಆಗಬೇಕು. ಅದರ ನಾಯಕ ಪಲವಣಕರ ಬಾಳೂ ಧಾರವಾಡದಲ್ಲಿ ಹುಟ್ಟಿದವರು, ದಲಿತ ಕುಟುಂಬದವರು. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಿನ ಮೈದಾನ ಹಸನು ಮಾಡುತ್ತ, ಅವರ ಅಭ್ಯಾಸಕ್ಕೆ ಚೆಂಡು ಎಸೆಯುತ್ತ ಎಡಗೈ ಸ್ಪಿನ್ ಕಲಿತರು. ಅವರ ಬೌಲಿಂಗ್ ಬೇಕಾಗಿದ್ದ ಹಿಂದೂ ತಂಡದವರೇ ಚಹಾದ ಹೊತ್ತಿಗೆ ಅವರನ್ನು ಹೊರಗೆ ಕೂರಿಸಿ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಳೂ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. 1923ರಲ್ಲಿ ಅದು ತಮ್ಮ ವಿಠ್ಠಲರಿಗೆ ಸಿಕ್ಕಿತು. ಅಮೆರಿಕದಲ್ಲಿ ಜಾಕಿ ರಾಬಿನ್ಸನ್ 1947ರಲ್ಲಿ ವರ್ಣಭೇದದ ಗೋಡೆ ಒಡೆದ ಕಥೆಯನ್ನು ಜೂಲ್ಸ್ ಟೈಗಿಯಲ್ ಅವರ ‘ಬೇಸ್‌ಬಾಲ್ಸ್ ಗ್ರೇಟ್ ಎಕ್ಸ್‌ಪೆರಿಮೆಂಟ್’ನಲ್ಲಿ ಓದಿದವರು ಗುಹಾ ಅವರ ಪುಸ್ತಕವನ್ನು ಅದರ ಪಕ್ಕದಲ್ಲಿಟ್ಟುಕೊಳ್ಳಬೇಕು. ಮರಾಠಿ ಬಲ್ಲ ಗಡಿಭಾಗದ ಓದುಗರಿಗೆ ವಿಠ್ಠಲರ ಆತ್ಮಕಥೆ ‘ಮಾಝೆ ಕ್ರೀಡಾಜೀವನ’ (1948) ಕೂಡ ಇದೆ. ಕೆರಿಬಿಯನ್ ದ್ವೀಪಗಳ ಸಿ. ಎಲ್. ಆರ್. ಜೇಮ್ಸ್ ಬರೆದ ‘ಬಿಯಾಂಡ್ ಎ ಬೌಂಡರಿ’ (1963) ಇದೇ ಪಂಕ್ತಿಯದು.

1973–74ರಲ್ಲಿ ಕರ್ನಾಟಕ ಮುಂಬೈಯನ್ನು ಹಿಂದಿಕ್ಕಿ ಮೊದಲ ರಣಜಿ ಟ್ರೋಫಿ ಗೆದ್ದ ಮೇಲೆ ನಮ್ಮ ಆಟಗಾರರ ಪುಸ್ತಕಗಳು ಬರತೊಡಗಿದವು. ಎರಪಳ್ಳಿ ಪ್ರಸನ್ನ ಅವರ ‘ಒನ್ ಮೋರ್ ಓವರ್’ (1977), ಪೋಲಿಯೊದಿಂದ ಸೊರಗಿದ ಬಲಗೈಯನ್ನೇ ಅಸ್ತ್ರ ಮಾಡಿಕೊಂಡ ಬಿ. ಎಸ್. ಚಂದ್ರಶೇಖರ್ ಕುರಿತು ರಾಜನ್ ಬಾಲಾ ಬರೆದ ‘ದಿ ವಿನ್ನಿಂಗ್ ಹ್ಯಾಂಡ್’, ರಾಜ್ಯದ ಕ್ರಿಕೆಟ್ ಇತಿಹಾಸ ಹೇಳುವ ವೇದಂ ಜೈಶಂಕರ್ ಅವರ ‘ಕಾಸ್ಟಿಂಗ್ ಎ ಸ್ಪೆಲ್’ (2005), ಭದ್ರಾವತಿಯ ಜಿ. ಆರ್. ವಿಶ್ವನಾಥ್ ಆರ್. ಕೌಶಿಕ್ ಜೊತೆ ಬರೆದ ‘ರಿಸ್ಟ್ ಅಶ್ಯೂರ್ಡ್’ (2022) ಮುಖ್ಯವಾದವು. ಅಂಕಿಅಂಶ ಬೇಕಾದವರಿಗೆ ಜೈಶಂಕರ್ ಸಾಕು. ಮನುಷ್ಯ ಬೇಕಾದವರು ವಿಶ್ವನಾಥರಿಂದ ಶುರುಮಾಡಬಹುದು.

ಕುಸ್ತಿಯ ಪಾಲಿಗೆ ಈ ಭಾಗ್ಯ ಕಡಿಮೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಜಾತ್ರೆಯೆಂದರೆ ಕುಸ್ತಿ ಇರಲೇಬೇಕು. ಹಲಗಿ ಬಡಿತಕ್ಕೆ ಕಣದ ಸುತ್ತ ಊರೇ ಸೇರುತ್ತದೆ. ಶಾಹು ಮಹಾರಾಜರು ಖಾಸಬಾಗ ಮೈದಾನ ಕಟ್ಟಿಸಿದ ಕೊಲ್ಹಾಪುರದ ತಾಲೀಮುಗಳಿಗೆ ಗಡಿಯಾಚೆಯ ಕನ್ನಡದ ಹುಡುಗರು ಹೋಗಿ ಪಳಗಿದ್ದಾರೆ. ಆ ಲೋಕದ ಚರಿತ್ರೆ ಹೆಚ್ಚಾಗಿ ಬಾಯಿಮಾತಿನಲ್ಲೇ ಉಳಿದಿದೆ: ಯಾರು ಯಾವ ಡಾವ್ ಹಾಕಿ ಯಾರನ್ನು ಕೆಡವಿದರು, ಯಾವ ವಸ್ತಾದರು ಯಾರನ್ನು ತಯಾರು ಮಾಡಿದರು, ಬಡವರ ಮನೆಯ ಮಗನಿಗೆ ಹಾಲು–ಬಾದಾಮಿಯ ಖುರಾಕು ಊರು ಹೇಗೆ ಹೊಂದಿಸಿತು.

ಇದಕ್ಕೆ ಬೇಸ್‌ಬಾಲ್ ಪುಸ್ತಕವೊಂದು ದಾರಿ ತೋರುತ್ತದೆ. ನ್ಯೂಯಾರ್ಕಿನ ಪ್ರಾಧ್ಯಾಪಕ ಲಾರೆನ್ಸ್ ರಿಟ್ಟರ್, 1961ರಲ್ಲಿ ಟೈ ಕಾಬ್ ತೀರಿಕೊಂಡಾಗ ಅವರ ತಲೆಮಾರಿನ ನೆನಪುಗಳೂ ಹೋಗಿಬಿಡುತ್ತವೆಂದು ಕಳವಳಗೊಂಡು, ಟೇಪ್ ರೆಕಾರ್ಡರ್ ಹಿಡಿದು ಮುದಿ ಆಟಗಾರರ ಮನೆಗಳಿಗೆ ಅಲೆದರು. ಅವರವರ ಮಾತಿನಲ್ಲೇ ಕಟ್ಟಿದ ‘ದಿ ಗ್ಲೋರಿ ಆಫ್ ದೇರ್ ಟೈಮ್ಸ್’ 1966ರಲ್ಲಿ ಬಂತು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಆ ಕೆಲಸಕ್ಕೆ ಇಂದು ಒಂದು ಮೊಬೈಲ್ ಸಾಕು. ಊರಿನ ಶಿಕ್ಷಕರು, ಕಾಲೇಜಿನ ಕನ್ನಡ ವಿದ್ಯಾರ್ಥಿಗಳು ಹಳೆಯ ಪೈಲವಾನರ ಮುಂದೆ ಕುಳಿತು ಅವರ ಮಾತನ್ನು ಅವರ ನುಡಿಯಲ್ಲೇ ದಾಖಲಿಸಬೇಕು. ಆ ಹಿರಿಯರು ಇರುವಾಗಲೇ ಇದು ಆಗಬೇಕು.