ಎರೆಸೀಮೆಯ ಜೀಪು: ಕಾರ್ಖಾನೆಯಲ್ಲಿ ಮುಗಿಯದ ಚರಿತ್ರೆ

ಬಳ್ಳಾರಿ ಸೀಮೆಯ ಇಪ್ಪತ್ತನೆಯ ಶತಮಾನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೂರು ವಿಷಯ ಎತ್ತಿಕೊಳ್ಳುತ್ತಾರೆ: ತುಂಗಭದ್ರಾ ಅಣೆಕಟ್ಟು, ಸಂಡೂರಿನ ಅದಿರು, ಜೀನ್ಸ್ ಉದ್ಯಮ. ಜೀನ್ಸಿನ ಮೂಲ ಕೇಳಿದರೆ, ಕಂಟೋನ್ಮೆಂಟಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳವರೆಗೆ ಹೋಗುವ ಕಥೆ ಎಲ್ಲರ ಬಾಯಲ್ಲೂ ಇದೆ. ಕಾಲುವೆ ಏರಿಯ ಮೇಲೂ ಗಣಿಯ ಘಾಟಿಯಲ್ಲೂ ಎರೆ ಹೊಲದ ಬಂಡಿಜಾಡಿನಲ್ಲೂ ಅರ್ಧ ಶತಮಾನ ಓಡಿದ ಜೀಪಿಗೆ ಮಾತ್ರ ಅಂಥ ಕಥೆ ಇಲ್ಲ. ಅದು ಅಮೆರಿಕದಲ್ಲಿ ಹುಟ್ಟಿತು, ಮುಂಬೈಯಲ್ಲಿ ಜೋಡಣೆಯಾಯಿತು ಎಂಬಲ್ಲಿಗೆ ಚರಿತ್ರೆ ನಿಂತುಬಿಡುತ್ತದೆ. ಇದು ಅರ್ಧ ಚರಿತ್ರೆ ಎಂಬುದು ನನ್ನ ವಾದ. ಮೋಕ, ಕುರುಗೋಡು, ಸಿರುಗುಪ್ಪದಂಥ ಊರುಗಳಲ್ಲಿ ಜೀಪು ಬದುಕಿ ಉಳಿದದ್ದು ಅದನ್ನು ಬಿಚ್ಚಿ, ಕೊಯ್ದು, ಬೇರೆ ಇಂಜಿನ್ ಕೂರಿಸಿ, ಮತ್ತೆ ಬೆಸೆದವರ ಕೈಯಿಂದ. ಆ ಮಾರ್ಪಾಡುಗಳನ್ನು ಕಲಬೆರಕೆ ಎಂದು ತಳ್ಳಿದರೆ ಈ ನೆಲದಲ್ಲಿ ಯಂತ್ರವಿದ್ಯೆ ಹೇಗೆ ಬೇರುಬಿಟ್ಟಿತು ಎಂಬುದರ ಸಾಕ್ಷ್ಯವನ್ನೇ ತಳ್ಳಿದಂತಾಗುತ್ತದೆ.

ಮೊದಲು ನೆಲವನ್ನು ನೋಡಬೇಕು. ಮೋಕ ಬಳ್ಳಾರಿ ತಾಲ್ಲೂಕಿನ ಹೋಬಳಿ ಕೇಂದ್ರ, ವೇದಾವತಿಯ ದಂಡೆಯ ಊರು. ಜನರ ಬಾಯಲ್ಲಿ ಈ ನದಿ ಹಗರಿ. ಮಳೆಗಾಲದ ಕೆಲವು ದಿನ ಬಿಟ್ಟರೆ ಹಗರಿ ಎಂದರೆ ಅಗಲವಾದ ಮರಳು. ಬೇಸಿಗೆಯ ಗಾಳಿಗೆ ಆ ಮರಳು ಎದ್ದು ದಂಡೆಯ ಹೊಲಗಳ ಮೇಲೆ ಹರಡುವುದನ್ನು ಬ್ರಿಟಿಷರ ಕಾಲದ ಜಿಲ್ಲಾ ಗೆಜೆಟಿಯರೂ ದಾಖಲಿಸಿದೆ. ನದಿಯಿಂದ ಇತ್ತ ಸರಿದರೆ ಎರೆ ಭೂಮಿ. ವರ್ಷಕ್ಕೆ ಐದುನೂರು ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆ ಇದು, ಆದರೆ ಬಿದ್ದಷ್ಟು ಮಳೆಯೇ ದಾರಿ ಕೆಡಿಸಲು ಸಾಕು. ಎರೆಯ ಜೇಡಿ ನೀರು ಹೀರಿ ಉಬ್ಬುತ್ತದೆ, ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡಿನ ಸಂದಿಯನ್ನೇ ತುಂಬುತ್ತದೆ. ಒಣಗಿದರೆ ಮೊಣಕಾಲುದ್ದ ಬಿರುಕು ಬಿಡುತ್ತದೆ. ಒಂದೇ ದಾರಿಯಲ್ಲಿ ಮರಳೂ ರಾಡಿಯೂ ಸಿಗುವ ಇಂಥ ಕಡೆ ನಾಲ್ಕೂ ಗಾಲಿ ಎಳೆಯುವ ಗಾಡಿಗೆ ಕೆಲಸವಿತ್ತು. ಇಲ್ಲಿ ಜೀಪು ಶೋಕಿಗೆ ಬಂದದ್ದಲ್ಲ.

ಅದು ಬಂದ ದಾರಿ ಯುದ್ಧದ್ದು. ಎರಡನೆಯ ಮಹಾಯುದ್ಧದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಭಾರತಕ್ಕೆ ಬಂದಿದ್ದ ಮಿತ್ರಪಡೆಗಳ ವಾಹನಗಳಲ್ಲಿ ಬಹಳಷ್ಟು ಯುದ್ಧ ಮುಗಿದ ಮೇಲೆ ಇಲ್ಲೇ ಡಿಸ್ಪೋಸಲ್ ಮಾಲಾಗಿ ಮಾರಾಟವಾದವು. ಇಟಲಿಯ ಯುದ್ಧಕೈದಿಗಳನ್ನು ಇರಿಸಿದ್ದ ಬಳ್ಳಾರಿಗೆ ಸೈನ್ಯದ ಗಾಡಿ ಹೊಸದೇನಲ್ಲ. ಮಹೀಂದ್ರಾ ಕಂಪನಿ 1947ರ ಹೊತ್ತಿಗೆ ಬಿಡಿಭಾಗ ತರಿಸಿ ವಿಲ್ಲೀಸ್ ಜೀಪು ಜೋಡಿಸಲು ತೊಡಗಿತು. ಐವತ್ತರ ದಶಕದಲ್ಲಿ ಬಾನೆಟ್ ಎತ್ತರವಾದ ಸಿಜೆ-3ಬಿ ಬಂತು. ಹಳೆಯದು ‘ಲೋ ಬಾನೆಟ್’, ಹೊಸದು ‘ಹೈ ಬಾನೆಟ್’ ಎಂದು ಗುರುತಾಯಿತು. ಇಲ್ಲಿ 1953 ಒಂದು ತಿರುವು. ಆ ವರ್ಷ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೂ ಒಂದು ವರ್ಷ ಮುಂಚೆ, 1952ರ ಅಕ್ಟೋಬರ್ 2ರಂದು ಶುರುವಾದ ಸಮುದಾಯ ಅಭಿವೃದ್ಧಿ ಯೋಜನೆ ‘ಬ್ಲಾಕ್ ಜೀಪ’ನ್ನು ಹಳ್ಳಿಗೆ ತಂದಿತ್ತು. 1954ರಲ್ಲಿ ಸಂಡೂರಿನಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪನಿ ಹುಟ್ಟಿತು. ಬಿಡಿಓ, ನೀರಾವರಿ ಇಂಜಿನಿಯರ್, ಗಣಿಯ ಮೇಲ್ವಿಚಾರಕ ಮೂವರ ಗಾಡಿಯೂ ಜೀಪೇ. ಆಯುಷ್ಯ ಮುಗಿದ ಇಂಥ ಜೀಪುಗಳನ್ನು ‘ಕಂಡಮ್’ ಎಂದು ಹರಾಜು ಹಾಕಿದಾಗ ಅವು ರೈತನ ಅಂಗಳಕ್ಕೆ ಬಂದವು. ಹಳ್ಳಿಯ ಜೀಪಿನ ನಿಜವಾದ ಜನ್ಮಪತ್ರ ಈ ಹರಾಜಿನ ಚೀಟಿ.

ಅಂಗಳಕ್ಕೆ ಬಂದ ಗಾಡಿಯನ್ನು ಮನೆಯಲ್ಲೇ ಬಿಚ್ಚುವುದು ಸಾಧ್ಯವಾದದ್ದಕ್ಕೆ ಎರಡು ಕಾರಣ. ಒಂದು, ಜೀಪಿನ ರಚನೆ. ರಣರಂಗದಲ್ಲಿ ಸಿಪಾಯಿಯೇ ರಿಪೇರಿ ಮಾಡಿಕೊಳ್ಳಲಿ ಎಂದು ಕಟ್ಟಿದ ಗಾಡಿ ಅದು. ಏಣಿಯಾಕಾರದ ಚಾಸಿ, ಅದರ ಮೇಲೆ ಬೋಲ್ಟಿನಿಂದ ಕೂತ ಚಪ್ಪಟೆ ತಗಡಿನ ಬಾಡಿ, ಎದುರಿಗೇ ಕಾಣುವ ಇಂಜಿನ್, ಅಚ್ಚಿನ ಕೆಳಗೆ ಸ್ಪ್ರಿಂಗ್ ಪ್ಲೇಟುಗಳು. ಬಾಗಿದ ತಗಡನ್ನು ಬಡಿದು ನೆಟ್ಟಗೆ ಮಾಡಲು ಅಚ್ಚುಯಂತ್ರ ಬೇಡ, ಸುತ್ತಿಗೆ ಸಾಕು. ಇನ್ನೊಂದು ಕಾರಣ ನಮ್ಮ ಒಕ್ಕಲುತನದ್ದು. ಬಂಡಿಯ ಗಾಲಿಗೆ ಹಳಿ ಕಟ್ಟುವುದು, ಕೂರಿಗೆಯ ತಾಳು ಕೂರಿಸುವುದು, ಕುಂಟೆಯ ಕುಡ ಕಾಸಿ ಬಡಿಸುವುದು, ಇವೆಲ್ಲ ಮನೆಯ ಮುಂದೆಯೋ ಕುಲುಮೆಯ ಎದುರೋ ಒಡೆಯನ ಕಣ್ಣಮುಂದೆ ನಡೆಯುತ್ತಿದ್ದ ಕೆಲಸ. ಒಡೆಯ ಬರಿದೇ ನೋಡುತ್ತಿರಲಿಲ್ಲ, ತಿದಿ ಒತ್ತುತ್ತಿದ್ದ, ಹಿಡಿಯುತ್ತಿದ್ದ, ಎತ್ತುತ್ತಿದ್ದ. ಬಡಿಗನೂ ಕಂಬಾರನೂ ಬಂಡಿಗೆ ಮಾಡುತ್ತಿದ್ದುದನ್ನೇ ಫಿಟ್ಟರ್, ವೆಲ್ಡರ್, ಲೇತಿನವನು ಜೀಪಿಗೆ ಮಾಡಿದರು. ಬೇವಿನ ಕೊಂಬೆಗೆ ಚೈನ್ ಪುಲ್ಲಿ ತೂಗಿ ಇಂಜಿನ್ ಇಳಿಸುವುದು, ಚಾಸಿಯ ಕೆಳಗೆ ಬಂಡೆಗಲ್ಲು ಕೊಟ್ಟು ಹೌಸಿಂಗ್ ಬಿಚ್ಚುವುದು ಇದೇ ಪದ್ಧತಿಯ ಮುಂದುವರಿಕೆ. ಮನೆಯವರೂ ಕಸುಬಿನವರೂ ಕೂಡಿ ಮಾಡುವ ರಿಪೇರಿ ಹೊರಗಿನಿಂದ ಕಲಿತ ಹವ್ಯಾಸವಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಮಾರ್ಪಾಡಿನ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಇಂಜಿನ್ನಿನ ಬದಲಾವಣೆ. ಅದಕ್ಕೆ ದಾರಿ ಮಾಡಿದ್ದು ಟ್ರ್ಯಾಕ್ಟರು. 1963ರಲ್ಲಿ ಮಹೀಂದ್ರಾ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ವೋಲ್ಟಾಸ್ ಕೂಡಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದವು. ಅವರ ಬಿ-275, 35 ಅಶ್ವಶಕ್ತಿಯ ಡೀಸೆಲ್ ಟ್ರ್ಯಾಕ್ಟರು. ಕಾಲುವೆ ನೀರು ಬಂದ ಸಿರುಗುಪ್ಪದ ಭತ್ತದ ಗದ್ದೆಗಳಿಗೆ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿಗೆ ಟ್ರ್ಯಾಕ್ಟರು ಬೇಕೇ ಬೇಕಿತ್ತು. ಟ್ರ್ಯಾಕ್ಟರು ಬಂದ ಕಡೆ ಡೀಸೆಲ್ ಪಂಪು, ನಾಜಲ್, ಸ್ಲೀವ್, ಬೇರಿಂಗ್ ಬಲ್ಲ ಕೈಗಳೂ ಬಂದವು. ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಪೆಟ್ರೋಲಿನ ಬೆಲೆ ಏರಿಸಿತು. ಪೆಟ್ರೋಲ್ ಜೀಪು ಸಾಕುವುದು ಸರ್ಕಾರಕ್ಕೇ ಭಾರವಾದಾಗ ರೈತನ ಪಾಡು ಹೇಳುವುದೇನು? ಎಪ್ಪತ್ತರ ದಶಕದಲ್ಲಿ ಮಹೀಂದ್ರಾ ಕಂಪನಿಯೇ ಬಿ-275ರ ವಂಶದ ಡೀಸೆಲ್ ಇಂಜಿನ್ನನ್ನು ಜೀಪಿಗೆ ಕೂರಿಸಿತು. ನನ್ನ ವಾದಕ್ಕೆ ಇದು ಮುಖ್ಯ ಸಾಕ್ಷ್ಯ. ಹಳ್ಳಿಯ ಮೇಸ್ತ್ರಿ ಹಳೆಯ ಜೀಪಿಗೆ ಡೀಸೆಲ್ ಇಂಜಿನ್ ಹಾಕಿದಾಗ ಅವನು ಕಂಪನಿಯ ದಾರಿ ಬಿಟ್ಟು ಹೋಗಲಿಲ್ಲ. ಕಂಪನಿಯೂ ಅವನೂ ಒಂದೇ ಸಮಸ್ಯೆಗೆ ಒಂದೇ ಉತ್ತರ ಕಂಡುಕೊಂಡಿದ್ದರು. ಎಂಬತ್ತರ ದಶಕದಲ್ಲಿ ಪೆಜೊ ಲೈಸೆನ್ಸಿನ ಇಂಜಿನ್ ಹೊತ್ತ ಎಂಎಂ 540 ಬಂತು. ಮಟಡೋರ್ ವ್ಯಾನಿನ ಇಂಜಿನ್ ಕೂಡ ಹಳೆಯ ಜೀಪುಗಳಿಗೆ ಸೇರಿತು.

ಇಂಜಿನ್ ಬದಲಿಸುವುದು ಒಂದು ಇಳಿಸಿ ಇನ್ನೊಂದು ಏರಿಸುವಷ್ಟು ಸುಲಭವಲ್ಲ. ಡೀಸೆಲ್ ಇಂಜಿನ್ನಿನ ಬೆನ್ನಿಗೆ ಹಳೆಯ ಗೇರ್‌ಬಾಕ್ಸ್ ಕೂರಬೇಕಾದರೆ ನಡುವೆ ಒಂದು ಅಡಾಪ್ಟರ್ ಪ್ಲೇಟು ಬೇಕು. ಅದನ್ನು ಲೇತಿನಲ್ಲಿ ಕೊರೆಯುವಾಗ ಎರಡರ ನಡುಗೆರೆ ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ಚು ಬೇರಿಂಗು ತಿಂದುಹೋಗುತ್ತವೆ. ತೂಕ ಹೆಚ್ಚಿದ್ದಕ್ಕೆ ಮುಂದಿನ ಸ್ಪ್ರಿಂಗಿಗೆ ಒಂದೆರಡು ಪ್ಲೇಟು ಸೇರಿಸಬೇಕು, ನಡುಕ ತಡೆಯಲು ರಬ್ಬರ್ ಮೌಂಟಿಂಗಿನ ಜಾಗ ಹುಡುಕಬೇಕು, ಆರು ವೋಲ್ಟಿನ ಹಳೆಯ ವೈರಿಂಗ್ ಕಿತ್ತು ಹನ್ನೆರಡು ವೋಲ್ಟಿಗೆ ಹೊಸದಾಗಿ ಎಳೆಯಬೇಕು. ಇನ್ನು ವೇಗದ ಲೆಕ್ಕ. ಯುದ್ಧಕಾಲದ ವಿಲ್ಲೀಸ್ ಇಂಜಿನ್ ನಿಮಿಷಕ್ಕೆ 4000 ಸುತ್ತಿನಲ್ಲಿ 60 ಅಶ್ವಶಕ್ತಿ ಕೊಡುತ್ತಿತ್ತು. ಟ್ರ್ಯಾಕ್ಟರ್ ವಂಶದ್ದು ನಿಧಾನವಾಗಿ ತಿರುಗಿ ಬಲ ಕೊಡುವಂಥದ್ದು. ಹೈ ಬಾನೆಟ್ ಜೀಪಿನ ಅಚ್ಚಿನೊಳಗೆ 43 ಹಲ್ಲಿನ ಕ್ರೌನಿಗೆ 8 ಹಲ್ಲಿನ ಪಿನಿಯನ್, ಅಂದರೆ ಗಾಲಿ ಒಂದು ಸುತ್ತು ಬರಲು ಶಾಫ್ಟು ಐದೂಕಾಲಕ್ಕಿಂತ ಹೆಚ್ಚು ಸುತ್ತಬೇಕು. ಇದರ ಮೇಲೆ ನಿಧಾನದ ಇಂಜಿನ್ ಕೂತರೆ ಡಾಂಬರು ರಸ್ತೆಯಲ್ಲಿ ಗಾಡಿ ತೆವಳುತ್ತದೆ. ಆದ್ದರಿಂದ ಹಿಂದಿನ ಕ್ರೌನ್-ಪಿನಿಯನ್ ಬದಲಿಸುವುದು ಬಂತು. ಮುಂದಿನದನ್ನೂ ಬದಲಿಸಲು ಖರ್ಚು ಇಮ್ಮಡಿ. ಹಿಂದೆ ಮುಂದೆ ಹಲ್ಲಿನ ಲೆಕ್ಕ ಹೊಂದದಿದ್ದರೆ ನಾಲ್ಕು ಗಾಲಿಯ ಎಳೆತ ಹಾಕಿದೊಡನೆ ಗೇರುಗಳು ಒಂದನ್ನೊಂದು ಜಗ್ಗಿ ಮುರಿಯುತ್ತವೆ. ಹಾಗಾಗಿ ಮುಂದಿನ ಶಾಫ್ಟನ್ನೇ ಬಿಚ್ಚಿ ಅಟ್ಟದ ಮೇಲೆ ಇಡುವುದು ಸುಲಭದ ದಾರಿಯಾಯಿತು.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಮುಂದಿನ ಶಾಫ್ಟು ಬಿಚ್ಚಿದ ಮೇಲೆ ಅದು ಜೀಪೇ ಅಲ್ಲ, ನಾಲ್ಕು ಗಾಲಿಯ ಎಳೆತ ಈ ಸೀಮೆಗೆ ಬೇಕಿತ್ತೆಂಬ ಮಾತೂ ಬಿದ್ದುಹೋಯಿತಲ್ಲ ಎಂದು. ಕಾಲದ ಅನುಕ್ರಮ ಗಮನಿಸಿದರೆ ಉತ್ತರ ಸಿಗುತ್ತದೆ. ಐವತ್ತರ ದಶಕದ ಬಂಡಿಜಾಡಿಗೆ ಕ್ರಮೇಣ ಜಲ್ಲಿ ಬಿತ್ತು, ಆಮೇಲೆ ಡಾಂಬರು. ರಾಡಿಯಲ್ಲಿ ಸಿಕ್ಕಿಬಿದ್ದ ಗಾಡಿಯನ್ನು ಎಳೆಯಲು ಊರಲ್ಲಿ ಟ್ರ್ಯಾಕ್ಟರು ಬಂತು. ಜೀಪಿನ ಕೆಲಸವೂ ಬದಲಾಯಿತು. ಅಧಿಕಾರಿ ಒಬ್ಬನನ್ನು ಹೊರುತ್ತಿದ್ದುದು ಮೆಣಸಿನಕಾಯಿ ಚೀಲ, ಹತ್ತಿಯ ಅಂಡಿಗೆ, ಜಾತ್ರೆಯ ಜನ ಹೊರತೊಡಗಿತು. ಅದಕ್ಕೇ ಹಿಂಭಾಗ ಉದ್ದವಾಯಿತು, ಎದುರುಬದುರು ಸೀಟು ಬಂದವು, ಕ್ಯಾನ್ವಾಸಿನ ಜಾಗದಲ್ಲಿ ತಗಡಿನ ಟಾಪು ಬಂತು. ಗಾಡಿ ಬದಲಾದದ್ದು ಸೀಮೆ ಬದಲಾದದ್ದರಿಂದ.

ಇದನ್ನೆಲ್ಲ ‘ಜುಗಾಡ್’ ಎಂದು ಹೊಗಳುವವರಿದ್ದಾರೆ, ಬಡತನದ ತೇಪೆ ಎಂದು ತೆಗಳುವವರೂ ಇದ್ದಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಹಣ ಇದ್ದಿದ್ದರೆ ಹೊಸ ಗಾಡಿ ಕೊಳ್ಳುತ್ತಿದ್ದರು ಎಂಬುದು ನಿಜ. ಆದರೆ ಅಡಾಪ್ಟರ್ ಪ್ಲೇಟಿನ ನಡುಗೆರೆ, ಹಲ್ಲಿನ ಅನುಪಾತ, ಸ್ಪ್ರಿಂಗಿನ ಹೊರೆ ಇವೆಲ್ಲ ಲೆಕ್ಕದ ಕೆಲಸ. ಆ ಲೆಕ್ಕ ಕಾಗದದ ಮೇಲೆ ಬರಲಿಲ್ಲ ಎಂದ ಮಾತ್ರಕ್ಕೆ ಇರಲಿಲ್ಲ ಎನ್ನಲಾಗದು. ಕಷ್ಟ ಎಲ್ಲ ಕಡೆಯೂ ಇತ್ತು, ಆದರೆ ಟ್ರ್ಯಾಕ್ಟರಿನ ಬಳಕೆ, ಗಣಿಯ ಯಂತ್ರಗಳು, ಲೇತು, ಗುಜರಿ ಇಷ್ಟೂ ಹತ್ತಿರ ಕೂಡಿದ ಕಡೆಯಲ್ಲೇ ಇಂಥ ಕಸುಬು ಬೆಳೆಯುತ್ತದೆ.

ಸುರಕ್ಷತೆಯ ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ. ಇಂಜಿನ್ ಭಾರವಾಯಿತು, ಬಾಡಿ ಉದ್ದವಾಯಿತು, ಹೊರೆ ಹೆಚ್ಚಿತು. ಡ್ರಮ್ ಬ್ರೇಕು ಮಾತ್ರ ಹಳೆಯದೇ ಉಳಿಯಿತು, ನಾಲ್ಕೂ ಗಾಲಿಗೆ ಒಂದೇ ಪೈಪಿನ ದಾರಿ. ಎಲ್ಲೋ ಒಂದು ಕಡೆ ಎಣ್ಣೆ ಸೋರಿದರೆ ಇಡೀ ಬ್ರೇಕು ಹೋಯಿತು. ಇಂಥ ಗಾಡಿಯ ಹಿಂದೆ ಜನರನ್ನು ನೇತುಹಾಕಿಕೊಂಡು ಓಡಿಸಿದ್ದು ತಪ್ಪು, ಅದನ್ನು ಪರಂಪರೆ ಎಂದು ಸಮರ್ಥಿಸಬಾರದು. ಆದರೆ ಕಾನೂನು ಈ ಅಪಾಯವನ್ನು ಎದುರಿಸಿದ ರೀತಿಯನ್ನೂ ನೋಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮೊದಲು ನೋಂದಣಾಧಿಕಾರಿಗೆ ತಿಳಿಸಿ, ಒಪ್ಪಿಗೆ ಪಡೆದು ಮಾರ್ಪಾಡು ಮಾಡುವ ದಾರಿ ಇಟ್ಟಿತ್ತು. 2000ದ ತಿದ್ದುಪಡಿ ತಯಾರಕರು ಹೇಳಿದ ವಿವರಕ್ಕೆ ಭಿನ್ನವಾದ ಮಾರ್ಪಾಡನ್ನೇ ಸಾಮಾನ್ಯವಾಗಿ ನಿಷೇಧಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೊಸ ಗಾಡಿಗಳಿಗೆ ಇದು ಸರಿ. ಹಳೆಯ ಜೀಪಿನ ಮಟ್ಟಿಗೆ ಪರಿಣಾಮ ಬೇರೆ. ಬ್ರೇಕು ಬಲಪಡಿಸುವ ಮಾರ್ಪಾಡೂ ಬಾಡಿ ಉದ್ದ ಮಾಡುವ ಮಾರ್ಪಾಡೂ ಒಂದೇ ಸಾಲಿನ ಅನುಮಾನಕ್ಕೆ ಬಿದ್ದವು. ಹಿಂದೆ ಆರ್‌ಸಿ ಪುಸ್ತಕದಲ್ಲಿ ಮೊಹರು ಬಿದ್ದು ದಾಖಲಾಗುತ್ತಿದ್ದ ಕೆಲಸ ದಾಖಲೆಯಿಲ್ಲದ ಕೆಲಸವಾಯಿತು. ಚರಿತ್ರೆಗೂ ನಷ್ಟ, ಸುರಕ್ಷತೆಗೂ ನಷ್ಟ.

ಕೊನೆಯ ಆಕ್ಷೇಪ ಹಳೆಯ ವಾಹನಪ್ರಿಯರದ್ದು. ಮೂಲರೂಪದಲ್ಲಿ ಉಳಿದದ್ದಷ್ಟೇ ಪರಂಪರೆ ಎನ್ನುತ್ತಾರೆ ಅವರು. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನಿಯಮವೂ ಇದನ್ನೇ ಹೇಳುತ್ತದೆ: ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಈ ಅಳತೆಗೋಲು ಹಿಡಿದರೆ ಶ್ರೀಮಂತರ ಗ್ಯಾರೇಜಿನಲ್ಲಿ ದುಡಿಯದೆ ನಿಂತ ಗಾಡಿ ಪರಂಪರೆ, ಐವತ್ತು ವರ್ಷ ಹೊಲ ಗಣಿ ಕಾಲುವೆ ತಿರುಗಿದ್ದು ಗುಜರಿ. ಬಳ್ಳಾರಿಯ ಪಕ್ಕದಲ್ಲೇ ಸಂಗನಕಲ್ಲು ಇದೆ. ಅಲ್ಲಿ ನವಶಿಲಾಯುಗದ ಜನ ಕರಿಗಲ್ಲಿನ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರು. ಬಾಯಿ ಮೊಂಡಾದ ಕೊಡಲಿಯನ್ನು ಮತ್ತೆ ಉಜ್ಜಿ ಹರಿತ ಮಾಡಿದ ಗುರುತು ಕಂಡರೆ ಪುರಾತತ್ವಜ್ಞ ಅದನ್ನು ಎಸೆಯುವುದಿಲ್ಲ. ಬಳಕೆಯೂ ಮರುರೂಪವೂ ಆ ವಸ್ತುವಿನ ಚರಿತ್ರೆಯೇ ಎಂದು ಓದುತ್ತಾನೆ. ಕಲ್ಲಿಗೆ ಸಲ್ಲುವ ಈ ನ್ಯಾಯ ಕಬ್ಬಿಣಕ್ಕೆ ಏಕೆ ಸಲ್ಲಬಾರದು?

ಕಾಲ ಹೆಚ್ಚು ಉಳಿದಿಲ್ಲ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ, ಅವು ನೇರ ಗುಜರಿ ಕೇಂದ್ರಕ್ಕೆ ಹೋಗಬೇಕು. ಇಲಾಖೆಯ ಹರಾಜಿನಿಂದ ರೈತನ ಅಂಗಳಕ್ಕೆ ಬರುತ್ತಿದ್ದ ದಾರಿ ಮುಚ್ಚಿದೆ. ಡೀಸೆಲ್ ಇಂಜಿನ್ ಕೂರಿಸಲು ಕಲಿತ ಮೊದಲ ತಲೆಮಾರಿನ ಮೇಸ್ತ್ರಿಗಳು ಮುಪ್ಪಿನಲ್ಲಿದ್ದಾರೆ. ಮೋಕ, ಕುರುಗೋಡು, ಸಿರುಗುಪ್ಪದ ಮನೆಗಳಲ್ಲಿ ಹಳೆಯ ಜೀಪಿನ ಆರ್‌ಸಿ ಪುಸ್ತಕ, ಹರಾಜಿನ ರಸೀದಿ, ಗ್ಯಾರೇಜಿನ ಲೆಕ್ಕದ ಪುಸ್ತಕ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಇಂಜಿನ್ ನಂಬರ್ ಬದಲಾದ ದಿನಾಂಕ, ಮೊಹರು, ಕೊಟ್ಟ ಹಣ ಎಲ್ಲವೂ ಇತಿಹಾಸಕಾರನಿಗೆ ಬೇಕು. ಬಳ್ಳಾರಿಯ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರು ಆ ಮೇಸ್ತ್ರಿಗಳನ್ನು ಕೂರಿಸಿ ಮಾತಾಡಿಸಲಿ. ಸಂಗನಕಲ್ಲಿನ ಕೊಡಲಿಗಳಿಗೆ ವಸ್ತುಸಂಗ್ರಹಾಲಯ ಕಟ್ಟಿದ ಜಿಲ್ಲೆ, ಟ್ರ್ಯಾಕ್ಟರ್ ವಂಶದ ಇಂಜಿನ್ ಹೊತ್ತ ಒಂದು ಲೋ ಬಾನೆಟ್ ಜೀಪನ್ನು ಅದರ ತೇಪೆ, ಬೆಸುಗೆ, ಉದ್ದ ಮಾಡಿದ ಬಾಡಿಯ ಸಮೇತ ಇದ್ದ ಹಾಗೆಯೇ ಕಾಪಿಡಲಿ.