ಹಿಮಾಲಯದ ಮೀನಿಗೆ ಹಿರಿಯೂರಿನ ವಿಳಾಸ

ಹಿಮಾಲಯದ ತಪ್ಪಲಿನ ಹಳ್ಳ-ತೊರೆಗಳಲ್ಲಿ ಬೆಳ್ಳಿಬಣ್ಣದ ಸಣ್ಣ ಮೀನೊಂದು ಹೇರಳವಾಗಿ ಸಿಗುತ್ತದೆ. ಸಾಮಾನ್ಯವಾಗಿ ಗೇಣುದ್ದವನ್ನೂ ಮೀರದ ಈ ಮೀನಿನ ಪಕ್ಕೆಗಳ ಮೇಲೆ ಮಸುಕಾದ ಅಡ್ಡಪಟ್ಟೆಗಳಿರುತ್ತವೆ. ಕಲ್ಲುಗಳ ನಡುವೆ ರಭಸವಾಗಿ ಹರಿಯುವ ತಿಳಿನೀರೆಂದರೆ ಇದಕ್ಕೆ ಇಷ್ಟ. ವಿಜ್ಞಾನಿಗಳು ಬಹುಕಾಲ ಇದನ್ನು ಬ್ಯಾರಿಲಿಯಸ್ ಬೆಂಡೆಲಿಸಿಸ್ ಎಂದು ಕರೆದರು. ಈಗ ಆಪ್ಸೇರಿಯಸ್ ಬೆಂಡೆಲಿಸಿಸ್ ಎನ್ನುತ್ತಾರೆ. ಆದರೆ ಈ ಹೆಸರಿನ ಮೂಲವನ್ನು ಅರಸಿ ಹೊರಟರೆ ದಾರಿ ಹಿಮಾಲಯವನ್ನು ಬಿಟ್ಟು ನೇರವಾಗಿ ಚಿತ್ರದುರ್ಗ ಜಿಲ್ಲೆಯ ಹಿರಿಯೂರಿಗೆ, ಅಲ್ಲಿನ ವೇದಾವತಿ ನದಿಗೆ ಬಂದು ಮುಟ್ಟುತ್ತದೆ.

ಇದಕ್ಕೆ ಕಾರಣನಾದವನು ಫ್ರಾನ್ಸಿಸ್ ಬುಕಾನನ್. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಹೊಸದಾಗಿ ಕೈಸೇರಿದ ಸೀಮೆಯ ಬೆಳೆ, ಕಸುಬು, ಜನಜೀವನಗಳನ್ನು ಅರಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಂಪನಿಯ ಈ ವೈದ್ಯನನ್ನು ಕಳಿಸಿದ. 1800 ಮತ್ತು 1801ರಲ್ಲಿ ಆತ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳನ್ನು ಸುತ್ತಿ ಬರೆದ ವರದಿ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ರಾಗಿ ಬಿತ್ತನೆ, ಕಬ್ಬಿಣದ ಕುಲುಮೆ, ಜಾತಿಪದ್ಧತಿಗಳ ವಿವರಕ್ಕಾಗಿ ನಮ್ಮ ಇತಿಹಾಸಕಾರರು ಇಂದಿಗೂ ಆ ಸಂಪುಟಗಳನ್ನು ತಿರುವಿಹಾಕುತ್ತಾರೆ. ಮೂರನೆಯ ಸಂಪುಟದಲ್ಲಿ ಮೀನಿಗೂ ಒಂದಿಷ್ಟು ಜಾಗವಿದೆ. ಹಿರಿಯೂರಿನ ಬಳಿ ವೇದಾವತಿಯಲ್ಲಿ ಕಂಡ ಮೀನಿಗೆ ಬುಕಾನನ್ ಸಿಪ್ರಿನಸ್ ಬೆಂಡೆಲಿಸಿಸ್ ಎಂದು ಹೆಸರಿಟ್ಟ. ಸಿಪ್ರಿನಸ್ ಎಂಬುದು ಗೆಂಡೆ ಮೀನುಗಳ ಗುಂಪಿಗೆ ಲಿನೇಯಸ್ ಕೊಟ್ಟ ಹೆಸರು. ಅಂದು ಅದರೊಳಗೆ ನೂರಾರು ಬಗೆಯ ಮೀನುಗಳನ್ನು ತುಂಬಲಾಗುತ್ತಿತ್ತು.

ಹೊಸ ಪ್ರಭೇದವೊಂದನ್ನು ಕಂಡುಹಿಡಿಯುವುದೆಂದರೆ ಯಾರೂ ನೋಡದ ಜೀವಿಯನ್ನು ನೋಡುವುದು ಎಂದರ್ಥವಲ್ಲ. ಬುಕಾನನ್ ಬರುವ ಮುನ್ನವೇ ಹೊಳೆಯ ದಡದ ಜನರು ಆ ಮೀನನ್ನು ಹಿಡಿದು ಸಾರು ಮಾಡಿ ಉಂಡಿದ್ದಾರು. ವಿಜ್ಞಾನದ ಲೆಕ್ಕದಲ್ಲಿ ಕಂಡುಹಿಡಿಯುವುದೆಂದರೆ ವರ್ಣಿಸುವುದು: ರೆಕ್ಕೆಗಳ ಕಡ್ಡಿಗಳನ್ನೂ ಮೈಪಕ್ಕದ ಹುರುಪೆಗಳನ್ನೂ ಎಣಿಸಿ, ಬಾಯಿ ಮೀಸೆಗಳನ್ನು ಪರೀಕ್ಷಿಸಿ, ಗೊತ್ತಿರುವ ಹತ್ತಿರದ ಮೀನುಗಳಿಗಿಂತ ಇದು ಹೇಗೆ ಬೇರೆ ಎಂದು ತೋರಿಸಿ, ಹೆಸರಿಟ್ಟು ಪ್ರಕಟಿಸುವುದು. ಇಂದು ಇದಕ್ಕೆ ಇನ್ನೊಂದು ಮುಖ್ಯ ನಿಯಮವಿದೆ. ವರ್ಣನೆಗೆ ಆಧಾರವಾದ ಮೀನನ್ನು ಕೆಡದಂತೆ ರಕ್ಷಿಸಿ ಸಂಗ್ರಹಾಲಯದಲ್ಲಿಡಬೇಕು. ಇದೇ ಮೂಲ ಮಾದರಿ. ಮುಂದೆ ಸಂದೇಹ ಬಂದಾಗ ಆ ಮೀನನ್ನೇ ತೆಗೆದು ನೋಡಬಹುದು. ಅದು ಸಿಕ್ಕಿದ ಜಾಗಕ್ಕೆ ಮೂಲ ನೆಲೆ ಎಂದು ಹೆಸರು.

ಬುಕಾನನ್‌ನ ಕಾಲಕ್ಕೆ ಈ ಕಟ್ಟುಪಾಡು ಇರಲಿಲ್ಲ. ಆತನ ಹಿರಿಯೂರಿನ ಮೀನು ಇಂದು ಯಾವ ಸಂಗ್ರಹಾಲಯದಲ್ಲೂ ಇಲ್ಲ. ಪುಸ್ತಕದ ವರ್ಣನೆ ಮತ್ತು ನದಿಯ ಹೆಸರು ಉಳಿದಿವೆ.

ತೊಡಕು ಹುಟ್ಟಿದ್ದು ಬಂಗಾಳದಲ್ಲಿ. 1807ರಿಂದ 1814ರವರೆಗೆ ಅಲ್ಲಿ ಸಮೀಕ್ಷೆ ನಡೆಸಿದ ಬುಕಾನನ್ ಗಂಗೆ ಮತ್ತು ಅದರ ಉಪನದಿಗಳ ಮೀನುಗಳನ್ನು ಕಲೆಹಾಕಿ ಚಿತ್ರ ಬರೆಸಿದ. 1815ರಲ್ಲಿ ಸ್ವದೇಶಕ್ಕೆ ಹೊರಟಾಗ, ಚಿತ್ರಗಳು ಕಂಪನಿಯ ಸೊತ್ತು, ಕಲ್ಕತ್ತೆಯಲ್ಲೇ ಬಿಟ್ಟುಹೋಗಬೇಕೆಂದು ಸರ್ಕಾರ ಪಟ್ಟುಹಿಡಿಯಿತು. ತಾಯಿಯ ಕಡೆಯ ಆಸ್ತಿ ಬಂದದ್ದರಿಂದ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡ ಆತ 1822ರಲ್ಲಿ ಗಂಗೆಯ ಮೀನುಗಳ ಗ್ರಂಥವನ್ನು 39 ಚಿತ್ರಫಲಕಗಳೊಂದಿಗೆ ಎಡಿನ್‌ಬರೋದಲ್ಲಿ ಪ್ರಕಟಿಸಿದ. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಸಾಕುವ ಜೀಬ್ರಾ ಮೀನಿಗೆ ಮೊದಲ ಹೆಸರು ಸಿಕ್ಕಿದ್ದು ಆ ಗ್ರಂಥದಲ್ಲೇ. ಕಲ್ಕತ್ತೆಯಲ್ಲಿ ಉಳಿದ ಚಿತ್ರಗಳಲ್ಲಿ ಹಲವನ್ನು 1839ರಲ್ಲಿ ಮೆಕ್ಲೆಲ್ಯಾಂಡ್ ಪ್ರಕಟಿಸಿದ. 1929ರಲ್ಲಿ ಸುಂದರ್‌ಲಾಲ್ ಹೋರಾ ಅವನ್ನು ಮತ್ತೆ ಅಭ್ಯಾಸ ಮಾಡಿ ಹ್ಯಾಮಿಲ್ಟನ್ನನ ಮೀನುಗಳ ಗುರುತನ್ನು ಬಿಡಿಸಲು ನೆರವಾದರು.

ಆ ಗ್ರಂಥದಲ್ಲಿ ಕೊಕ್ಸಾ, ಚೆಡ್ರಾ ಎಂಬ ಎರಡು ಮೀನುಗಳಿವೆ. ಇವು ಬೇರೆಯಲ್ಲ, ಹಿರಿಯೂರಿನ ಬೆಂಡೆಲಿಸಿಸ್ಸೇ ಎಂದು ನಂತರದ ತಜ್ಞರಲ್ಲಿ ಅನೇಕರು ಹೇಳಿದರು. ಒಂದೇ ಪ್ರಭೇದಕ್ಕೆ ಹಲವು ಹೆಸರಿದ್ದರೆ ಮೊದಲು ಪ್ರಕಟವಾದದ್ದೇ ನಿಲ್ಲುತ್ತದೆ. 1807ರದು 1822ರದಕ್ಕಿಂತ ಹಿರಿದು. ಹೀಗಾಗಿ ಉತ್ತರದ ಬೆಟ್ಟದ ಮೀನಿಗೆ ವೇದಾವತಿಯ ಮೀನಿನ ಹೆಸರೇ ಗಟ್ಟಿಯಾಯಿತು.

ಆದರೆ ಬಾಬಾಬುಡನ್‌ಗಿರಿಯಲ್ಲಿ ಹುಟ್ಟಿ ತುಂಗಭದ್ರೆಯನ್ನು ಸೇರುವ ವೇದಾವತಿಗೂ ಹಿಮಾಲಯದ ತೊರೆಗಳಿಗೂ ನೀರಿನ ಸಂಪರ್ಕವಿಲ್ಲ. ಹೊರನೋಟಕ್ಕೆ ಒಂದೇ ಎನಿಸಿದ ಮೀನುಗಳು ವಂಶವಾಹಿ ಪರೀಕ್ಷೆಯಲ್ಲಿ ಬೇರೆಬೇರೆ ಪ್ರಭೇದಗಳೆಂದು ತಿಳಿದುಬಂದ ಉದಾಹರಣೆಗಳು ಬಹಳ. ಇಲ್ಲಿಯೂ ಎರಡಿವೆಯೆಂದಾದರೆ ಬೆಂಡೆಲಿಸಿಸ್ ಎಂಬ ಹೆಸರು ದಕ್ಷಿಣದ ಮೀನಿಗೆ ಸಲ್ಲಬೇಕು, ಉತ್ತರದ್ದಕ್ಕೆ ಬೇರೆ ಹೆಸರು ಬೇಕಾಗುತ್ತದೆ. ಮೂಲ ಮಾದರಿ ಕಳೆದುಹೋಗಿದ್ದರೆ ಹೊಸದೊಂದನ್ನು ನೇಮಿಸಲು ನಿಯಮದಲ್ಲಿ ಅವಕಾಶವಿದೆ. ಅದನ್ನು ಸಾಧ್ಯವಾದಷ್ಟೂ ಮೂಲ ನೆಲೆಯಿಂದಲೇ ತರಬೇಕು. ಹಿಮಾಲಯದಲ್ಲಿ ಸಾವಿರ ಮೀನು ಹಿಡಿದರೂ ಈ ಕೆಲಸಕ್ಕೆ ಒದಗುವುದಿಲ್ಲ.

ಬುಕಾನನ್‌ನ ಪುಸ್ತಕ ಹೊರಬಂದು ಸರಿಯಾಗಿ ನೂರು ವರ್ಷಕ್ಕೆ, 1907ರಲ್ಲಿ, ಹಿರಿಯೂರಿನ ಮೇಲ್ಭಾಗದ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ ಕಟ್ಟೆ ಪೂರ್ಣವಾಯಿತು. ಬರದ ಸೀಮೆಗೆ ಅದು ನೀರು ಕೊಟ್ಟಿತು, ಹೊಳೆಯ ಹರಿವನ್ನೂ ಬದಲಿಸಿತು. ಬುಕಾನನ್ ಕಂಡ ವೇದಾವತಿ ಈಗಿನದಲ್ಲ. ಹಿರಿಯೂರಿನ ಆಚೀಚೆ ಹೊಳೆಯಲ್ಲಿ ಆ ಮೀನಿನ ಸಂತತಿ ಉಳಿದಿರುವಷ್ಟು ಕಾಲ ಹೆಸರಿನ ಗೊಂದಲ ಬಗೆಹರಿಸುವ ದಾರಿ ತೆರೆದಿರುತ್ತದೆ. ಬಾಟಲಿಯಲ್ಲಿ ಇಡದೆ ಹೋದ ಸಾಕ್ಷಿಯನ್ನು ಹೊಳೆಯೇ ಕಾಪಾಡಬೇಕಾಗಿದೆ.