ಶೇ 2ರ ಸಿಎಸ್‌ಆರ್, 14 ದಿನದ ಕಬ್ಬಿನ ಬಿಲ್
ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿ ದೊಡ್ಡ ಕಂಪನಿ ಅಂದ್ರೆ ಸಕ್ಕರೆ ಕಾರ್ಖಾನೆ. ಅವುಗಳ ಸಾಮಾಜಿಕ ಹೊಣೆಯನ್ನು ಅಳೆಯುವಾಗ ನಾನು ಎರಡು ಕಾನೂನುಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತೇನೆ.

2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ಹಿಂದಿನ ವರ್ಷ ₹5 ಕೋಟಿ ಅಥವಾ ಹೆಚ್ಚು ನಿವ್ವಳ ಲಾಭ ಗಳಿಸಿದ ಕಂಪನಿ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. (ಸಹಕಾರಿ ಕಾರ್ಖಾನೆಗಳಿಗೆ ಇದು ಅನ್ವಯಿಸಲ್ಲ.) 1966ರ ಕಬ್ಬು ನಿಯಂತ್ರಣ ಆದೇಶ ಹೇಳೋದು ಬೇರೆ: ಲಿಖಿತ ಒಪ್ಪಂದ ಬೇರೆ ಇಲ್ಲದಿದ್ದರೆ, ಕಬ್ಬು ಕೊಟ್ಟ 14 ದಿನದೊಳಗೆ ಬಿಲ್, ತಡವಾದರೆ ಶೇ 15 ಬಡ್ಡಿ. ಮೊದಲನೆಯದಕ್ಕೆ ಫ್ಲೆಕ್ಸ್ ಕಟ್ಟುತ್ತಾರೆ. ಎರಡನೆಯದಕ್ಕೆ ರೈತರೇ ರಸ್ತೆಗಿಳಿಯಬೇಕು. ಶಾಲೆಗೆ ಕೊಟ್ಟ ಬೆಂಚು ಬಾಕಿ ಬಿಲ್ಲಿಗೆ ಜಮಾ ಆಗಲ್ಲ.

ಗ್ರಾಹಕರು ಒತ್ತಡ ಹಾಕಬಹುದಲ್ಲ ಅಂತೀರಾ? 50 ಕೆಜಿ ಚೀಲದ ಮೇಲೆ ಕಾರ್ಖಾನೆ ಹೆಸರಿರುತ್ತೆ. ಕಿರಾಣಿ ಅಂಗಡಿಯವರು ತೂಗಿ ಪೊಟ್ಟಣ ಕಟ್ಟಿದ ಮೇಲೆ ಇರಲ್ಲ. ಬಹಿಷ್ಕರಿಸೋದು ಯಾರನ್ನ? ಆದರೆ ಸಗಟಾಗಿ ಕೊಳ್ಳುವ ತಂಪುಪಾನೀಯ, ಬಿಸ್ಕತ್ತು ಕಂಪನಿಗಳಿಗೆ ಹೆಸರಿದೆ, ಆ ಹೆಸರು ಕೆಡುವ ಭಯವೂ ಇದೆ. ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳ ಸಾಲ, ಗರ್ಭಕೋಶ ತೆಗೆಸಿಕೊಳ್ಳಬೇಕಾದ ಸ್ಥಿತಿಯನ್ನು 2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಮತ್ತು ಫುಲ್ಲರ್ ಪ್ರಾಜೆಕ್ಟ್ ಬಯಲಿಗೆ ತಂದವು. ಆಗ ಉತ್ತರ ಕೊಡಬೇಕಾಗಿ ಬಂದದ್ದು ಕಾರ್ಖಾನೆಗಳಷ್ಟೇ ಅಲ್ಲ, ಅಲ್ಲಿಂದ ಸಕ್ಕರೆ ಕೊಳ್ಳುವ ಕೋಕಾ-ಕೋಲಾ, ಪೆಪ್ಸಿಕೋ ಕೂಡ.

ನಮ್ಮ ಭಾಗದ ಸಕ್ಕರೆ ಕೊಳ್ಳುವ ಬ್ರ್ಯಾಂಡ್‌ಗಳಿಗೂ ಕೇಳಬೇಕಾದ್ದು ಇದೇ: ಯಾವ ಕಾರ್ಖಾನೆ, ಬಿಲ್ ಎಷ್ಟನೇ ದಿನಕ್ಕೆ ಜಮಾ ಆಯ್ತು, ಕಬ್ಬು ಕಡಿದ ಗ್ಯಾಂಗಿನ ತಲೆ ಮೇಲೆ ಮುಂಗಡದ ಸಾಲ ಎಷ್ಟು?